ಪಿಕಪ್‌ಗೇ ಪಿಕಪ್ ಇಲ್ಲ!

ಕೋಲಾರ: ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೋಳೂರು ಕಡೆಯಿಂದ ಎಪಿಎಂಸಿ ಮಾರುಕಟ್ಟೆಗೆ ಬರುವ ರಸ್ತೆಯಲ್ಲಿ ಒಂದು ಪಿಕಪ್ ಗಾಡಿ ಎತ್ತಿನಗಾಡಿಯ ಜತೆ ಪೈಪೋಟಿಗೆ ಬಿದ್ದ ಹಾಗೆ ಬರುತ್ತಿದೆ. ಹಿಂದೆ ನೂರು ಬಾಕ್ಸ್ ಟೊಮೆಟೊ. ಬಾಕ್ಸಿಗೆ 15 ಕೆ.ಜಿ.ಯಂತೆ ಒಂದೂವರೆ ಟನ್ ಮಾಲು. ಡ್ರೈವರ್ ಆಕ್ಸಿಲೇಟರನ್ನು ನೆಲಕ್ಕೆ ಅದುಮಿ ಹಿಡಿದಿದ್ದಾನೆ. ಗಾಡಿ ಮೂವತ್ತರ ಮೇಲೆ ಏಳಲೊಲ್ಲದು.

‘ಏನಪ್ಪಾ, ನಡ್ಕೊಂಡು ಬಂದಿದ್ರೂ ಇಷ್ಟೊತ್ತಿಗೆ ಮಂಡಿ ಸೇರ್ತಿದ್ನಲ್ಲ’ ಅಂತ ಪಕ್ಕದಲ್ಲಿ ಕೂತ ಬೆಳೆಗಾರ ಗೊಣಗುತ್ತಾನೆ.

‘ನಾನೇನ್ ಮಾಡ್ಲಿ ಗೌಡ್ರೆ, ಗಾಡಿ ಪಿಕಪ್ಪೇ ಎತ್ತಲ್ಲ.’

ಪಿಕಪ್‌ಗೇ ಪಿಕಪ್ ಇಲ್ಲ ಅಂದರೆ ಕೇಳಿದವರಿಗೆ ನಗು ಬರಬಹುದು. ಮಾಲು ಮಂಡಿ ಮುಟ್ಟುವಷ್ಟರಲ್ಲಿ ಒಳ್ಳೆ ರೇಟಿನ ಹರಾಜು ಮುಗಿದಿತ್ತು. ಗೌಡರಿಗೆ ನಗು ಬರಲಿಲ್ಲ. ಡ್ರೈವರ್ ಬಾಡಿಗೆ ಕೇಳೋದಕ್ಕೂ ಹೆದರಿದ. ಅವನ ಗಾಡಿಯೇನು ಹಳೇ ಡಕೋಟ ಅಲ್ಲ, ಸಾಲದ ಕಂತು ಇನ್ನೂ ತೀರದ ಬಿಎಸ್-6 ಗಾಡಿ. ಇಂಜಿನ್ ಸರಿಯಾಗಿದೆ, ಗೇರ್ ಬಾಕ್ಸ್ ಸರಿಯಾಗಿದೆ, ಟೈರು ಹೊಸದು. ಕಟ್ಟಿಕೊಂಡಿದ್ದು ಉಸಿರು.

ಕಾಫಿ ಸೋಸಿದ ಹಾಗೆ

ಹಿಂದಿನ ಕಾಲದ ಮೆಟಡಾರ್ ಗಾಡಿಗಳನ್ನು ನೆನಪಿಸಿಕೊಳ್ಳಿ. ಏರು ಹತ್ತುವಾಗ ಹಿಂದೆ ಬರುವವನ ಮುಖಕ್ಕೆ ಮಸಿ ಬಳಿದೇ ಹೋಗುತ್ತಿದ್ದವು. ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಕಾನೂನು ಬಂತು. ಬಿಎಸ್-4 ದೇಶಕ್ಕೆಲ್ಲ ಜಾರಿಗೆ ಬಂದದ್ದು 2017ರಲ್ಲಿ. ಮುಂದೆ ಐದನ್ನು ಹಾರಿ ನೇರ ಆರಕ್ಕೆ ಜಿಗಿತ. 2020ರ ಮಾರ್ಚ್ 31ರ ಆಚೆಗೆ ಬಿಎಸ್-4 ಗಾಡಿ ಮಾರಬಾರದು ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲೇ ಖಡಾಖಂಡಿತ ಹೇಳಿತ್ತು. ಡೀಸೆಲ್ಲಿನಲ್ಲಿರುವ ಗಂಧಕ ಹತ್ತು ಲಕ್ಷ ಪಾಲಿಗೆ 50ರಿಂದ 10ಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಉಗುಳಬಹುದಾಗಿದ್ದದ್ದು ನಾಲ್ಕೂವರೆ ಮಿಲಿಗ್ರಾಂಗೆ ಬಂತು. ಸರಕು ಗಾಡಿಗಳಿಗೂ ಹೀಗೇ ಬಿಗಿ.

ಇಷ್ಟು ಬಿಗಿಯಾದ ಮೇಲೆ ಇಂಜಿನ್ ಒಂದರಿಂದಲೇ ಆಗದು. ಸೈಲೆನ್ಸರ್ ಪೈಪಿನ ದಾರಿಯಲ್ಲಿ ಒಂದು ಡಬ್ಬ ಕೂರಿಸಿದರು. ಅದೇ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್. ಒಳಗೆ ಜೇನುಗೂಡಿನ ಹಾಗೆ ಸಾವಿರಾರು ತೂತಿನ ಪಿಂಗಾಣಿಯಂಥ ಗಟ್ಟಿ. ಒಂದು ತೂತಿಗೆ ಮುಂದುಗಡೆ ಬಿರಡೆ, ಪಕ್ಕದ್ದಕ್ಕೆ ಹಿಂದುಗಡೆ ಬಿರಡೆ. ಹೊಗೆ ಗೋಡೆ ತೂರಿಕೊಂಡೇ ಆಚೆ ಬರಬೇಕು, ಬರುವಾಗ ಮಸಿಯನ್ನು ಅಲ್ಲೇ ಬಿಡಬೇಕು. ಕಾಫಿ ಸೋಸಿದ ಹಾಗೆ.

ಸೋಸಿದ ಚರಟ ಎಲ್ಲಿಗೆ ಹೋಗಬೇಕು? ಅದನ್ನು ಅಲ್ಲೇ ಸುಡಬೇಕು. ಅದಕ್ಕೆ 600 ಡಿಗ್ರಿ ಆಸುಪಾಸು ಕಾವು ಬೇಕು. ಮಸಿ ಇಷ್ಟು ತುಂಬಿತು ಅಂತ ಲೆಕ್ಕ ಸಿಕ್ಕ ಕೂಡಲೇ ಗಾಡಿಯ ಕಂಪ್ಯೂಟರ್ ಇಂಜಿನ್ನಿಗೆ ಒಂದಿಷ್ಟು ಡೀಸೆಲ್ ಹೆಚ್ಚಿಗೆ ಬಿಡುತ್ತದೆ. ಆ ಡೀಸೆಲ್ ಹೊಗೆಯ ಜತೆ ಹೋಗಿ ಫಿಲ್ಟರಿನ ಮುಂದಿರುವ ಇನ್ನೊಂದು ಗಟ್ಟಿಯಲ್ಲಿ ಉರಿದು ಕಾವು ಏರಿಸುತ್ತದೆ. ಮಸಿ ಸುಟ್ಟು ಗಾಳಿಯಾಗಿ ಹೋಗುತ್ತದೆ. ಕಂಪನಿಯವರು ಇದಕ್ಕೆ ರೀಜನರೇಷನ್ ಅಂತಾರೆ, ಡ್ರೈವರ್‌ಗಳ ಬಾಯಲ್ಲಿ ‘ರೀಜೆನ್’. ಕನ್ನಡದಲ್ಲಿ ಹೇಳೋದಾದರೆ ಮಸಿ ಸುಡೋದು, ಅಷ್ಟೆ. ಕೆಲವು ನೂರು ಕಿಲೋಮೀಟರಿಗೊಮ್ಮೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಹೆದ್ದಾರಿಯಲ್ಲಿ ಬೆಂಗಳೂರಿಗೋ ಚೆನ್ನೈಗೋ ಓಡುವ ಗಾಡಿಯಲ್ಲಿ ಇದು ನಡೆದದ್ದು ಓಡಿಸುವವನಿಗೂ ಗೊತ್ತಾಗುವುದಿಲ್ಲ.

ಯಾವತ್ತೂ ಕಾಯದ ಒಲೆ

ನಮ್ಮ ಮಂಡಿ ಗಾಡಿಗಳ ಕತೆಯೇ ಬೇರೆ. ವೇಮಗಲ್, ಸುಗಟೂರು, ವಕ್ಕಲೇರಿ, ಎಲ್ಲಿಂದ ಹೊರಟರೂ ಹತ್ತು ಹದಿನೈದು ಕಿಲೋಮೀಟರಿನ ಓಟ. ಚಳಿಯ ಬೆಳಗು, ತಣ್ಣಗಿನ ಇಂಜಿನ್. ಇನ್ನೇನು ಕಾವು ಹಿಡೀತು ಅನ್ನೋ ಹೊತ್ತಿಗೆ ಮಂಡಿ ಗೇಟು. ಅಲ್ಲಿ ಸಾಲು. ಇಂಜಿನ್ ಆಫ್ ಮಾಡದೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಗುರುಗುರು. ಹಾಗೆ ನಿಂತು ಉರಿಯುವ ಇಂಜಿನ್ ಮಸಿ ತುಂಬುತ್ತಲೇ ಇರುತ್ತದೆ, ಅದನ್ನು ಸುಡುವ ಕಾವು ಮಾತ್ರ ಹುಟ್ಟುವುದಿಲ್ಲ. ಎಂದೋ ಒಂದು ದಿನ ಸುಡೋಕೆ ಶುರುವಾದರೂ ಡ್ರೈವರ್ ‘ಬಂತು ಸ್ಟಾಪು’ ಅಂತ ಕೀಲಿ ತಿರುಗಿಸುತ್ತಾನೆ. ಅರ್ಧಕ್ಕೆ ನೀರೆರಚಿದ ಒಲೆ.

ಇನ್ನೊಂದು ಸಂಗತಿ ಎಷ್ಟೋ ಮಾಲೀಕರಿಗೇ ಗೊತ್ತಿಲ್ಲ. ಬಹಳಷ್ಟು ಗಾಡಿಗಳಲ್ಲಿ ಟ್ಯಾಂಕ್ ರಿಸರ್ವಿಗೆ ಬಂದಿದ್ದರೆ ಸುಡುವ ಕೆಲಸ ಶುರುವೇ ಆಗುವುದಿಲ್ಲ. ನಮ್ಮಲ್ಲಿ ಡೀಸೆಲ್ ಹಾಕಿಸುವ ಪದ್ಧತಿ ಹೇಗಿದೆ? ಬಾಡಿಗೆ ಕೈಗೆ ಬಂದ ಮೇಲೆ ಐನೂರು ರೂಪಾಯಿಗೆ. ಮುಳ್ಳು ವರ್ಷಪೂರ್ತಿ ಕೆಂಪು ಗೆರೆಯಲ್ಲೇ.

ಇಷ್ಟಾದ ಮೇಲೆ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಆ ದೀಪ ‘ನಾನು ಕೆಟ್ಟೆ’ ಅನ್ನುವುದಿಲ್ಲ. ‘ನನ್ನನ್ನು ಸ್ವಲ್ಪ ಓಡಿಸಪ್ಪ’ ಅನ್ನುತ್ತದೆ. ಆಗ ಗಾಡಿಯನ್ನು ಹೆದ್ದಾರಿಗೆ ಒಯ್ದು ಐವತ್ತು ಅರವತ್ತರ ವೇಗದಲ್ಲಿ, ಒಂದು ಗೇರ್ ಕಡಿಮೆ ಇಟ್ಟುಕೊಂಡು, ಇಂಜಿನ್ ಸುತ್ತು ಎರಡು ಸಾವಿರದ ಮೇಲೆ ಇರುವಂತೆ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ನಿಂತಲ್ಲೇ ಸುಡಲು ಸ್ವಿಚ್ ಕೊಟ್ಟ ಗಾಡಿಗಳೂ ಇವೆ. ಗಾಡಿಯ ಜತೆ ಕೊಟ್ಟ ಪುಸ್ತಕದಲ್ಲಿ ಎಲ್ಲಾ ಬರೆದಿರುತ್ತಾರೆ. ಅದು ಡ್ಯಾಷ್‌ಬೋರ್ಡಿನ ಡಬ್ಬದಲ್ಲಿ ಪ್ಲಾಸ್ಟಿಕ್ ಹರಿಯದೆ ಭದ್ರವಾಗಿರುತ್ತದೆ.

ದೀಪ ಮಿಣುಕಲು ಹತ್ತಿ, ಜತೆಗೆ ಇಂಜಿನ್ ದೀಪವೂ ಬಂದರೆ ಮಾತು ಬೇರೆ. ಆಗ ಹೆದ್ದಾರಿ ಓಟದ ಮದ್ದು ಬೇಡ. ಮಿತಿಮೀರಿ ತುಂಬಿದ ಮಸಿ ಒಮ್ಮೆಲೇ ಹತ್ತಿಕೊಂಡರೆ ಒಳಗಿನ ಗಟ್ಟಿ ಸೀಳುತ್ತದೆ, ಕರಗಲೂಬಹುದು. ಇಂಜಿನ್ ಉಳಿಸಿಕೊಳ್ಳಲು ಕಂಪ್ಯೂಟರ್ ತಾನೇ ಕಸುವು ತಗ್ಗಿಸುತ್ತದೆ. ಹೋಳೂರು ರಸ್ತೆಯ ಗಾಡಿಗೆ ಆದದ್ದು ಇದೇ.

ದೀಪದ ಮೇಲೆ ಕಪ್ಪು ಟೇಪು

ಆ ಡ್ರೈವರ್ ಮೊದಲು ಹೋದದ್ದು ಸರ್ವಿಸ್ ಸೆಂಟರಿಗೆ. ಅಲ್ಲಿ ಹೇಳಿದ್ದು ಒಂದೇ ಮಾತು, ‘ಫಿಲ್ಟರ್ ಹೋಗಿದೆ, ಹೊಸದು ಹಾಕಬೇಕು’. ರೇಟು ಕೇಳಿ ಎದೆ ಧಸಕ್ಕೆಂದಿತು. ಹತ್ತಾರು ಸಾವಿರದ ಬಾಬತ್ತು. ಕುಂಟುತ್ತಲೇ ಗಾಡಿಯನ್ನು ಊರ ಹೊರಗಿನ ಹಳೇ ಮೆಕ್ಯಾನಿಕ್ ಹತ್ತಿರ ತಂದ. ಕಿವಿಯಿಂದಲೇ ಇಂಜಿನ್ ರೋಗ ಹಿಡಿಯುವ ಕಾಲದ ಮನುಷ್ಯ, ಈಗ ಸ್ಕ್ಯಾನರ್ ಕೂಡಾ ಇಟ್ಟುಕೊಂಡಿದ್ದಾರೆ.

ಅವರ ಕಣ್ಣಿಗೆ ಮೊದಲು ಬಿದ್ದದ್ದು ಮೀಟರ್ ಬೋರ್ಡಿನ ಮೂಲೆಯಲ್ಲಿ ಅಂಟಿಸಿದ್ದ ಕಪ್ಪು ಟೇಪು.

‘ಏನಪ್ಪಾ ಇದು?’

‘ರಾತ್ರಿ ಹೊತ್ತು ಕಣ್ಣಿಗೆ ಹೊಡೀತಿತ್ತಣ್ಣ, ಅದಕ್ಕೆ ಮುಚ್ಚಿದೆ.’

‘ಎಷ್ಟು ದಿನದಿಂದ?’

‘ಒಂದ್ ಮೂರು ವಾರ ಆಗಿರ್ಬೇಕು.’

ಸ್ಕ್ಯಾನರ್ ಚುಚ್ಚಿದಾಗ ಬಂದ ಸಂಖ್ಯೆ ಪಿ-2463. ಮಸಿ ಹೆಚ್ಚಾಗಿ ತುಂಬಿದೆ ಅಂತ ಅದರ ಅರ್ಥ. ‘ಇದು ತುಂಬಿದೆ ಅಂತ ಹೇಳ್ತದೆ, ಯಾಕೆ ತುಂಬ್ತು ಅಂತ ಹೇಳಲ್ಲ. ಅದನ್ನ ನಾವೇ ಹುಡುಕ್ಬೇಕು’ ಅಂದರು ಮೆಕ್ಯಾನಿಕ್. ಬೂದಿಯಿಂದ ತುಂಬಿದ್ದರೆ ಬರುವ ಸಂಖ್ಯೆ ಬೇರೆ, ಪಿ-242ಎಫ್. ಮಸಿ ಸುಟ್ಟು ಹೋಗುತ್ತದೆ, ಇಂಜಿನ್ ಆಯಿಲ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ. ಅದಕ್ಕೆ ಫಿಲ್ಟರ್ ಬಿಚ್ಚಿ ಮೆಷಿನ್ನಿನಲ್ಲಿ ಕ್ಲೀನ್ ಮಾಡಿಸಬೇಕು. ವಾಟರ್ ಸರ್ವಿಸ್ ಗನ್ ಹಿಡಿದು ತೊಳೆಯುವವರೂ ಇದ್ದಾರೆ. ಆ ರಭಸಕ್ಕೆ ಗಟ್ಟಿ ಹಾಳಾಗುವ ಅಪಾಯವೇ ಹೆಚ್ಚು. ಮೂರು ಕಾಸಿನ ಉಳಿತಾಯಕ್ಕೆ ನೂರು ಕಾಸಿನ ದಂಡ.

ಹುಡುಕಾಟ ಶುರುವಾಯಿತು. ಫಿಲ್ಟರಿನ ಹಿಂದು ಮುಂದಿನ ಒತ್ತಡ ಅಳೆಯುವ ಸೆನ್ಸರಿಗೆ ಎರಡು ಸಣ್ಣ ಪೈಪು ಹೋಗುತ್ತವೆ. ಅವು ಸೀಳಿದ್ದರೆ, ಕಟ್ಟಿದ್ದರೆ ಕಂಪ್ಯೂಟರಿಗೆ ಸಿಗೋದು ಸುಳ್ಳು ಲೆಕ್ಕ. ನೋಡಿದರು, ಸರಿಯಾಗಿದ್ದವು. ಟರ್ಬೊದಿಂದ ಬರುವ ಗಾಳಿ ಪೈಪು ಸೋರಿದರೆ ಗಾಳಿ ಸಾಲದೆ ಮಸಿ ಹೆಚ್ಚುತ್ತದೆ. ಅದೂ ಗಟ್ಟಿ ಇತ್ತು. ಇಂಜೆಕ್ಟರ್ ತೊಟ್ಟಿಕ್ಕುವುದು, ಇಜಿಆರ್ ವಾಲ್ವ್ ಸಿಕ್ಕಿಕೊಳ್ಳುವುದು, ಇವೂ ಇದೇ ಕುಟುಂಬದ ರೋಗಗಳು. ಅವೂ ಅಲ್ಲ.

ಇಂಜಿನ್ ಅರ್ಧ ಗಂಟೆ ಓಡಿತ್ತು. ಮೆಕ್ಯಾನಿಕ್ ಸ್ಕ್ಯಾನರಿನಲ್ಲಿ ರೇಡಿಯೇಟರ್ ನೀರಿನ ಕಾವು ನೋಡಿದರು. ಏರಬೇಕಾದಷ್ಟು ಏರಿಯೇ ಇಲ್ಲ.

‘ಥರ್ಮೋಸ್ಟಾಟ್ ವಾಲ್ವ್ ಎಲ್ಲಪ್ಪಾ?’

ಡ್ರೈವರ್ ತಲೆ ಕೆರೆದುಕೊಂಡ. ಹೋದ ಬೇಸಿಗೆಯಲ್ಲಿ ಗಾಡಿ ಹೀಟ್ ಆಗುತ್ತೆ ಅಂತ ದಾರಿಬದಿ ಗ್ಯಾರೇಜಿನಲ್ಲಿ ತೋರಿಸಿದ್ದ. ಅವರು ಆ ವಾಲ್ವನ್ನು ಕಿತ್ತು ಬಿಸಾಡಿ, ‘ಇನ್ನು ಜನ್ಮದಲ್ಲಿ ಹೀಟ್ ಆಗಲ್ಲ ಹೋಗು’ ಅಂದಿದ್ದರು. ನಿಜವೇ. ಜನ್ಮದಲ್ಲಿ ಹೀಟ್ ಆಗಲಿಲ್ಲ! ಇಂಜಿನ್ ಸಾಕಷ್ಟು ಕಾಯದೆ ಮಸಿ ಸುಡಲು ಕಂಪ್ಯೂಟರ್ ಒಪ್ಪುವುದಿಲ್ಲ. ಹಳೇ ಡೀಸೆಲ್ ಗಾಡಿಗಳಲ್ಲಿ ನಡೆದುಹೋಗುತ್ತಿದ್ದ ರಿಪೇರಿ ಹೊಸ ಗಾಡಿಗೆ ಕೊರಳ ಕುಣಿಕೆಯಾಗಿತ್ತು.

ಆಯಿಲ್ ಕಡ್ಡಿ ಎಳೆದು ನೋಡಿದರೆ ಅಲ್ಲಿ ಇನ್ನೊಂದು ಕತೆ. ಮಟ್ಟ ಮೇಲಿನ ಗೆರೆ ದಾಟಿದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಕೊನೆಯ ಬೇಸಿಗೆಗೆ ಮುಂಚೆ ಶುರುವಾಗಿ ಅರ್ಧಕ್ಕೇ ನಿಂತ ರೀಜೆನ್‌ಗಳ ಡೀಸೆಲ್ ಸಿಲಿಂಡರ್ ಗೋಡೆಯಿಂದ ಆಯಿಲ್ಲಿಗೆ ಇಳಿದಿತ್ತು, ಆಮೇಲೆ ಆಯಿಲ್ ಬದಲಿಸಿಯೇ ಇಲ್ಲ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಇನ್ನೂ ಏರಿದರೆ ಇಂಜಿನ್ ತನ್ನ ಆಯಿಲ್ಲನ್ನೇ ಉರಿಸಿಕೊಂಡು ಕೀಲಿ ತಿರುಗಿಸಿದರೂ ನಿಲ್ಲದೆ ಹುಚ್ಚೆದ್ದು ಓಡಬಹುದು. ಆಯಿಲ್ ಮಟ್ಟ ಇಳಿದರೆ ಎಲ್ಲರೂ ಹೆದರುತ್ತಾರೆ, ಏರಿದರೆ ‘ಪರವಾಗಿಲ್ಲ, ಜಾಸ್ತಿನೇ ಇದೆ’ ಅಂತಾರೆ.

ಹೊಸ ಥರ್ಮೋಸ್ಟಾಟ್ ಬಂತು. ಹಳೇ ಆಯಿಲ್ ಇಳಿಸಿ, ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಜಾತಿಯ ಆಯಿಲ್ ಹಾಕಿದರು. ಪುಣ್ಯಕ್ಕೆ ಮಸಿ ಇನ್ನೂ ಸುಡಲಾಗದಷ್ಟು ತುಂಬಿರಲಿಲ್ಲ. ಗಾಡಿಯನ್ನು ಬಯಲಿನ ಬರಿ ನೆಲದಲ್ಲಿ ನಿಲ್ಲಿಸಿ ಸ್ಕ್ಯಾನರಿನಿಂದಲೇ ಸುಡುವ ಹುಕುಂ ಕೊಟ್ಟರು. ಇಂಜಿನ್ ಸುತ್ತು ತಾನಾಗಿ ಏರಿತು, ಫ್ಯಾನ್ ಭೋರಿಟ್ಟಿತು, ಕೆಳಗಿನಿಂದ ಕಾದ ಕಬ್ಬಿಣದ ವಾಸನೆ. ದೀಪ ಆರಿತು. ಹಳೇ ಫಿಲ್ಟರೇ ಉಳಿಯಿತು.

ಕೊಯ್ದು ಬಿಸಾಡುವ ವಿದ್ಯೆ

ಇಷ್ಟೆಲ್ಲ ತಾಪತ್ರಯ ಯಾಕೆ, ಫಿಲ್ಟರನ್ನೇ ಕೊಯ್ದು ಪೈಪು ವೆಲ್ಡಿಂಗ್ ಮಾಡಿ, ಕಂಪ್ಯೂಟರಿಗೆ ಸುಳ್ಳು ಹೇಳಿಕೊಟ್ಟರಾಯಿತು ಅನ್ನುವವರೂ ಇದ್ದಾರೆ. ಗಾಡಿಯ ಮೂಲ ಸ್ವರೂಪ ಕೆಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ ಹಾಗೆ ಮಾಡಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಹೊಗೆಯ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಸಜೆ ಆಗಬಹುದು.

ಕಾನೂನು ಒಂದು ಕಡೆ ಇರಲಿ. ಮಂಡಿಯಲ್ಲಿ ಸಾಲುಗಟ್ಟಿ ಗುರುಗುಟ್ಟುವ ಗಾಡಿಗಳ ಹಿಂದೆ ನಿಂತು ಬಾಕ್ಸ್ ಇಳಿಸುವವರು ಯಾರು? ಹಮಾಲಿಗಳು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಫಿಲ್ಟರ್ ಕೊಯ್ದು ಉಳಿಸಿದ ದುಡ್ಡಿನ ಮಸಿ ಆ ಎದೆಗಳಿಗೇ ಹೋಗಬೇಕು.

ಹಾಗಂತ ಫಿಲ್ಟರ್ ಇದ್ದ ಗಾಡಿಗೆ ಅಪಾಯವೇ ಇಲ್ಲ ಅನ್ನುವಂತಿಲ್ಲ. ಸುಗ್ಗಿ ಬಂತೆಂದರೆ ನಮ್ಮ ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿ ಗಾಡಿಗಳ ಗಾಲಿಯಲ್ಲೇ ಒಕ್ಕಣೆ. ಒಣ ಹುರುಳಿ ಬಳ್ಳಿ ಗಾಡಿಯಡಿ ಸುತ್ತಿಕೊಂಡು ಬೆಂಕಿ ಹತ್ತುವುದು ಈ ಕಡೆಯವರಿಗೆ ಹೊಸದಲ್ಲ. ಹೊಟ್ಟೆಯಲ್ಲಿ 600 ಡಿಗ್ರಿ ಕೆಂಡ ಇಟ್ಟುಕೊಂಡ ಗಾಡಿ ಅಂಥ ಹಾಸಿನ ಮೇಲೆ ಹಾದರೆ, ಒಣಹುಲ್ಲಿನ ಮೇಲೆ ನಿಂತರೆ ಏನಾದೀತು? ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪೊಲೀಸರು ಹೇಳುತ್ತಲೇ ಇದ್ದಾರೆ, ಸುಗ್ಗಿ ನಡೆಯುತ್ತಲೇ ಇದೆ.

ಇಪ್ಪತ್ತು ನಿಮಿಷದ ಲೆಕ್ಕ

ಹೋಳೂರು ಗಾಡಿಯ ಡ್ರೈವರ್ ಈಗ ಟೇಪು ಕಿತ್ತಿದ್ದಾನೆ. ದೀಪ ಹತ್ತಿದ ದಿನ ಮಾಲು ಇಳಿಸಿದ ಮೇಲೆ ಊರಿಗೆ ಹೋಗದೆ ಮುಳಬಾಗಿಲು ಕಡೆ ಹೆದ್ದಾರಿಗೆ ಹತ್ತುತ್ತಾನೆ. ಖಾಲಿ ಗಾಡಿ, ಇಪ್ಪತ್ತು ನಿಮಿಷ ಓಡಿಸಿ ತಿರುಗಿಸಿಕೊಂಡು ಬರುತ್ತಾನೆ. ಗಾಡಿ ಅವನದಲ್ಲ, ಮಾಲೀಕ ಬೇರೆ. ಮೊದಲ ತಿಂಗಳ ಲೆಕ್ಕದಲ್ಲಿ ಮಾಲೀಕರು ಕಣ್ಣು ಕೆಂಪಗೆ ಮಾಡಿದರು.

‘ಬಾಡಿಗೆ ಇಲ್ದೆ ಹೆದ್ದಾರಿಗೆ ಯಾಕೋ ಹೋಗಿದ್ದೆ?’

‘ಮಸಿ ಸುಡೋಕೆ ಹೋಗಿದ್ದೆ ಸಾವ್ಕಾರ್ರೆ.’

‘ನನ್ನ ಡೀಸೆಲ್ ಸುಟ್ಟು?’

ಫಿಲ್ಟರಿನ ರೇಟು ಎಷ್ಟು ಅಂತ ಡ್ರೈವರ್ ಹೇಳಿದ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆದರೆ ಹೋಗಿ ಬರುವ ಓಟದ ಡೀಸೆಲ್ ಮಾಲೀಕರ ಖಾತೆಗೋ ಡ್ರೈವರ್ ಬಾಟಾಕ್ಕೋ ಅನ್ನೋದು ಇಬ್ಬರ ನಡುವೆ ಇನ್ನೂ ಇತ್ಯರ್ಥ ಆಗಿಲ್ಲ.