ಸರ್ಕಾರ ಬರೆಯುವ ಪಂಚಾಂಗ

ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸೆಕ್ಟರ್ ಫೈವ್ ಎಂದರೆ ಐ.ಟಿ. ಕಂಪನಿಗಳ ಬೀಡು. ಹವಾಮಾನ ಇಲಾಖೆಯ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಇರುವುದೂ ಅಲ್ಲೇ. ಸೂರ್ಯ, ಚಂದ್ರ, ಗ್ರಹಗಳ ಸ್ಥಾನ ಲೆಕ್ಕಹಾಕುವ ಈ ಕಚೇರಿ ಪ್ರತಿವರ್ಷ ‘ರಾಷ್ಟ್ರೀಯ ಪಂಚಾಂಗ’ವನ್ನೂ ಹೊರತರುತ್ತದೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ. ಯಾವ ಧರ್ಮವನ್ನೂ ತನ್ನದೆನ್ನದ ಸರ್ಕಾರಕ್ಕೆ ತಿಥಿ, ನಕ್ಷತ್ರ, ಏಕಾದಶಿಯ ಉಸಾಬರಿ ಏಕೆ?

ಉತ್ತರಕ್ಕೆ ಭೌತವಿಜ್ಞಾನಿ ಮೇಘನಾದ ಸಹಾ (1893–1956) ಅವರ ಬಳಿಗೇ ಹೋಗಬೇಕು. ಅವರ ಹೆಸರಿನ ಪರಮಾಣು ಭೌತವಿಜ್ಞಾನ ಸಂಸ್ಥೆಯೂ ಇದೇ ಸಾಲ್ಟ್ ಲೇಕ್‌ನಲ್ಲಿದೆ. ಢಾಕಾ ಬಳಿಯ ಹಳ್ಳಿಯೊಂದರ ಸಣ್ಣ ಅಂಗಡಿಯವರ ಮಗ. ಕಲ್ಕತ್ತದ ಹಾಸ್ಟೆಲಿನಲ್ಲಿ ಜಾತಿಯ ಕಾರಣಕ್ಕೆ ಪಂಕ್ತಿಯಿಂದ ಹೊರಗೆ ಕೂತು ಉಂಡವರು. ನಕ್ಷತ್ರದ ಬೆಳಕಿನಲ್ಲೇ ಅದರ ತಾಪವನ್ನು ಓದಲು ದಾರಿ ತೋರಿದ ಸಮೀಕರಣವನ್ನು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಶಾಂತಿನಿಕೇತನದಲ್ಲಿ ಅವರು ಮಾಡಿದ ಭಾಷಣಕ್ಕೆ ಅರವಿಂದಾಶ್ರಮದ ಅನಿಲ್‌ಬರಣ್ ರಾಯ್ ‘ಭಾರತವರ್ಷ’ ಪತ್ರಿಕೆಯಲ್ಲಿ ಆಕ್ಷೇಪ ಎತ್ತಿದರು. ‘ಎಲ್ಲವೂ ವೇದದಲ್ಲೇ ಇದೆ’ ಎನ್ನುವವರನ್ನು ಸಹಾ ತಮ್ಮ ಉತ್ತರದಲ್ಲಿ ಗೇಲಿಮಾಡಿದ ಮಾತು ಬಂಗಾಳದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಆದರೆ ಗೇಲಿ ಮಾಡಿ ಸುಮ್ಮನಾಗುವ ಜಾಯಮಾನ ಅವರದಲ್ಲ. ಪಕ್ಷೇತರರಾಗಿ ಗೆದ್ದು ಮೊದಲ ಲೋಕಸಭೆಗೆ ಬಂದರು. 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾದರು. ಆಗ ದೇಶದಲ್ಲಿ 30 ಬಗೆಯ ಪಂಚಾಂಗಗಳಿದ್ದವು. ಹಿಂದಿನ ರಾಜಕೀಯ ಒಡಕುಗಳೇ ಅವುಗಳಲ್ಲಿ ಉಳಿದುಕೊಂಡಿವೆ ಎಂಬುದು ನೆಹರೂ ಅಭಿಪ್ರಾಯ.

ಸಹಾ ಕಣ್ಣು ಬಿದ್ದದ್ದು ಇನ್ನೊಂದು ದೋಷದ ಮೇಲೆ. ನಮ್ಮ ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳನ್ನು ಆಧರಿಸಿದ್ದು, ಋತುಗಳನ್ನಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 70 ವರ್ಷಕ್ಕೊಂದು ದಿನದಂತೆ ಹಬ್ಬ ಮುಂದೆ ಸರಿಯುತ್ತದೆ. ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು. ತಾರೀಖು 1863ರ ಜನವರಿ 12. ಈಗ ಅದು 14ಕ್ಕೋ 15ಕ್ಕೋ ಬರುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದಾದರೋ ಡಿಸೆಂಬರ್ 22ರ ಸುಮಾರಿಗೆ.

ಸಹಾ ವಾದದ ಬಲ ಇರುವುದು ಇಲ್ಲಿ. ಹಬ್ಬ ಸುಳ್ಳೆಂದು ಅವರು ಹೇಳಲಿಲ್ಲ. ಉತ್ತರಾಯಣ ಪುಣ್ಯಕಾಲವೆಂದು ನೀವೇ ಒಪ್ಪಿದ ಮೇಲೆ ಆ ಕಾಲವನ್ನು ಸರಿಯಾಗಿ ಹಿಡಿಯಿರಿ ಎಂದರು. ಸಂಪ್ರದಾಯಕ್ಕೆ ಇದೇನೂ ಹೊಸ ಜಗಳವಲ್ಲ. ಹಳೆಯ ಗಣಿತ ಆಕಾಶಕ್ಕೆ ಹೊಂದುತ್ತಿಲ್ಲವೆಂದೇ ಬಂಗಾಳದಲ್ಲಿ 1890ರಲ್ಲಿ ‘ವಿಶುದ್ಧ ಸಿದ್ಧಾಂತ ಪಂಜಿಕಾ’ ಹುಟ್ಟಿತು. ವಿವೇಕಾನಂದರು ಸ್ಥಾಪಿಸಿದ ಬೇಲೂರು ಮಠ ಅದನ್ನೇ ಅನುಸರಿಸುತ್ತದೆ. ಕಣ್ಣಿಗೆ ಕಂಡ ಆಕಾಶಕ್ಕೆ ಲೆಕ್ಕವನ್ನು ಹೊಂದಿಸುವ ದೃಗ್ಗಣಿತ ಎಂಬ ಮಾತು ನಮ್ಮ ಪಂಚಾಂಗಕರ್ತರಿಗೂ ಗೊತ್ತು.

ಭಕ್ತರ ಬಳಿಯೂ ಉತ್ತರವಿದೆ. ಉಡುಪಿ ಸೌರಮಾನದಂತೆ ಕೃಷ್ಣಾಷ್ಟಮಿ ಆಚರಿಸುತ್ತದೆ, ನಾಡಿನ ಬಹುಭಾಗ ಚಾಂದ್ರಮಾನದಂತೆ. ದಿನ ಬೇರೆಯಾದರೂ ಯಾರ ಭಕ್ತಿಯೂ ಕಮ್ಮಿಯಾಗುವುದಿಲ್ಲ. ಜನ ಒಟ್ಟಾಗಿ ಒಪ್ಪಿದ ದಿನಕ್ಕೆ ಆಕಾಶದ ಒಪ್ಪಿಗೆ ಬೇಕೇ?

1955ರ ವರದಿ ಈ ಎರಡೂ ವಾದಗಳಿಗೆ ಜಾಗ ಕೊಟ್ಟಿತು. ಆಡಳಿತಕ್ಕೆ ಋತುಗಳನ್ನು ಅನುಸರಿಸುವ ಹೊಸ ಶಕ ಪಂಚಾಂಗ ಬರಲಿ. ಹಬ್ಬಗಳನ್ನು ಈಗಾಗಲೇ ಜಾರಿರುವ 23 ದಿನ ಹಿಂದಕ್ಕೆ ಎಳೆಯುವುದು ಬೇಡ, ಇನ್ನು ಮುಂದೆ ಜಾರದಿದ್ದರೆ ಸಾಕು ಎಂದಿತು. ಶಕ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂತು; ಅದನ್ನು ನೋಡಲು ಸಹಾ ಇರಲಿಲ್ಲ. ಇಂದು ಅದು ರಾಜ್ಯಪತ್ರದ ತಲೆಬರಹದಂಥ ಕಡೆ ಉಳಿದಿದೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕ್ರಾಂತಿ ಜಾರುತ್ತಲೇ ಇದೆ.

ಇದನ್ನು ವಿಜ್ಞಾನದ ಸೋಲೆಂದು ನಾನು ಎಣಿಸುವುದಿಲ್ಲ. ಎಳ್ಳುಬೆಲ್ಲ ಹಂಚಲು ಯಾವ ದಿನ ಒಳ್ಳೆಯದೆಂದು ಹೇಳುವ ಅಧಿಕಾರ ದೂರದರ್ಶಕಕ್ಕಿಲ್ಲ, ಪಾರ್ಲಿಮೆಂಟಿಗೂ ಇಲ್ಲ. ಆದರೆ ‘ಇಂದು ಸೂರ್ಯ ಉತ್ತರಕ್ಕೆ ತಿರುಗಿದ’ ಎಂದ ಕ್ಷಣವೇ ಧರ್ಮ ಲೋಕದ ಬಗ್ಗೆ ಒಂದು ಸಂಗತಿ ಹೇಳಿದಂತಾಯಿತು. ಅದು ನಿಜವೇ ಎಂದು ಯಾರು ಬೇಕಾದರೂ ಕೇಳಬಹುದು, ಪಂಕ್ತಿಯಿಂದ ಹೊರಗೆ ಕೂತವನೂ. ಆ ಪ್ರಶ್ನೆಗೆ ಲೆಕ್ಕ ಒದಗಿಸುವುದಷ್ಟೇ ಸರ್ಕಾರದ ಕೆಲಸ. ಹಬ್ಬ ಮಾಡುವುದು ಜನರಿಗೆ ಬಿಟ್ಟದ್ದು.