ಶಿಸ್ತೆಂದರೆ ಮೌನವೇ?

ಅತೃಪ್ತ ಗಿರಾಕಿಯ ಮುಂದೆ ಎರಡು ದಾರಿಗಳಿರುತ್ತವೆ: ತಕರಾರು ಎತ್ತುವುದು, ಇಲ್ಲವೇ ಪಕ್ಕದ ಅಂಗಡಿಗೆ ನಡೆಯುವುದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಿತ್ಯ ಕಾಣುವ ಈ ಸತ್ಯವನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ರಾಜಕೀಯ ಪಕ್ಷಗಳಿಗೂ ಅನ್ವಯಿಸಿದರು. ದನಿಗೆ ಎಡೆಯಿಲ್ಲದ ಕಡೆ ನಿರ್ಗಮನ ಹೆಚ್ಚುತ್ತದೆ.

ಕರ್ನಾಟಕದ ಕಾಂಗ್ರೆಸ್ ಇದಕ್ಕೆ ನಿದರ್ಶನ. 1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ 178 ಸ್ಥಾನ ಗೆದ್ದ ಪಕ್ಷ, ಮರುವರ್ಷ ವರಿಷ್ಠರ ಅಪ್ಪಣೆಯಂತೆ ಅವರನ್ನು ಕೆಳಗಿಳಿಸಿತು. 1994ರಲ್ಲಿ ಉಳಿದದ್ದು 34. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಮೇಲಿನಿಂದ ಇಳಿದ ತೀರ್ಮಾನ ಕೆಳಗಿನ ನಿಷ್ಠೆಯನ್ನು ಗಳಿಸಲಿಲ್ಲ.

2019ರ ಜೂನ್‌ನಲ್ಲಿ ನಾಯಕರನ್ನು ಬಹಿರಂಗವಾಗಿ ಟೀಕಿಸಿದ ಶಿವಾಜಿನಗರದ ಶಾಸಕ ರೋಷನ್ ಬೇಗ್ ಅಮಾನತುಗೊಂಡರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಪಕ್ಷ ಕ್ಷೇತ್ರವನ್ನು ಉಳಿಸಿಕೊಂಡಿತು. ಬೀದಿಯ ನಿಂದನೆಯನ್ನು ಯಾವ ಪಕ್ಷವೂ ಸಹಿಸಲಾರದು, ನಿಜ. ಆದರೆ ಅಸಮಾಧಾನ ಬೀದಿಗೆ ಬರುವ ಮುನ್ನ ಅದನ್ನು ಆಲಿಸುವ ವೇದಿಕೆ ಒಳಗೆ ಇರಬೇಕಲ್ಲವೇ?

ಸರ್ಕಾರಿ ಸೇವೆಯಲ್ಲಿ ನಾವು ಭಿನ್ನಾಭಿಪ್ರಾಯವನ್ನು ಕಡತದಲ್ಲೇ ದಾಖಲಿಸುತ್ತಿದ್ದೆವು. ತೀರ್ಮಾನವಾದ ಮೇಲೆ ಅದನ್ನು ನಿಷ್ಠೆಯಿಂದ ಜಾರಿಗೊಳಿಸುತ್ತಿದ್ದೆವು. ಶಿಸ್ತೆಂದರೆ ಅದು. ಮೊದಲಿನ ಅರ್ಧವನ್ನು ಕಿತ್ತುಹಾಕಿದರೆ ಉಳಿಯುವುದು ಅಂಜಿಕೆ ಮಾತ್ರ.

2022ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು 7,897 ಮತ ಪಡೆದು ಶಶಿ ತರೂರ್ ಅವರನ್ನು ಮಣಿಸಿ ಅಧ್ಯಕ್ಷರಾದರು. ಶುಭಾರಂಭವೇ ಸರಿ. ಆದರೆ ನವೀಕರಣ ಶಿಖರದಲ್ಲೇ ನಿಲ್ಲಬಾರದು. ಬ್ಲಾಕ್ ಮಟ್ಟದಲ್ಲಿ ಗುಪ್ತ ಮತದಾನ, ಬಹಿರಂಗ ಸದಸ್ಯರ ಪಟ್ಟಿ, ಶಿಸ್ತುಕ್ರಮಕ್ಕೆ ಲಿಖಿತ ಕಾರಣ: ಈ ಮೂರಕ್ಕೆ ಹಣ ಬೇಕಿಲ್ಲ, ಅಧಿಕಾರ ಹಂಚಿಕೊಳ್ಳುವ ಮನಸ್ಸು ಬೇಕು. ಬೇರೆ ಪಕ್ಷಗಳಿಗೂ ಈ ಮಾತು ಸಲ್ಲುತ್ತದೆ.