ಪ್ರವಾಸದ ಚೀಟಿ ಪುಟ್ಟಿಗೆ ಯಾಕೆ ಬರಲಿಲ್ಲ?

ಡಿಸೆಂಬರ್ ತಿಂಗಳು ಬಂತೆಂದರೆ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಗಲಾಟೆ. ಶಾಲೆಯಿಂದ ಪ್ರವಾಸದ ಚೀಟಿ ಬಂದಿರುತ್ತದೆ. "ಅಮ್ಮಾ, ಸಹಿ ಹಾಕು", "ಅಪ್ಪಾ, ನಾಳೇನೇ ದುಡ್ಡು ಕಟ್ಟಬೇಕಂತೆ" ಎಂದು ಪೀಡಿಸುತ್ತಾವೆ. ನೀವೂ ಬೆಳಗಿನ ನಾಲ್ಕಕ್ಕೇ ಎದ್ದು ಪುಳಿಯೋಗರೆ ಕಲಸಿ, ನಿದ್ದೆಗಣ್ಣಿನ ಮಗುವಿಗೆ ಸ್ವೆಟರ್ ತೊಡಿಸಿ, ಬಸ್ಸು ಹೊರಡುವ ತನಕ ನಿಂತು ಕೈಬೀಸಿ ಬಂದವರೇ ಅಲ್ಲವೇ? ಬಸ್ಸಿನಲ್ಲಿ ನಮ್ಮ ಮಗು ಎಲ್ಲಿ ಕೂತಿದೆ, ಕಿಟಕಿಯ ಪಕ್ಕ ಸೀಟು ಸಿಕ್ಕಿತೇ ಎಂದು ಕತ್ತು ಉದ್ದ ಮಾಡಿ ನೋಡುತ್ತೇವೆ. ಆ ತರಗತಿಯ ಯಾವ ಮಗು ಬಸ್ಸು ಹತ್ತಲಿಲ್ಲ ಎಂದು ಎಣಿಸುವ ಅಭ್ಯಾಸ ನಮಗಿಲ್ಲ. ನನಗಂತೂ ಇರಲಿಲ್ಲ.

ನಮ್ಮ ಬೀದಿಯಲ್ಲಿ, ನಮ್ಮಿಂದ ಮೂರನೆಯ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಪುಟ್ಟಿ ಎಂದೇ ಕರೆಯೋಣ. ಐದನೇ ಕ್ಲಾಸು. ಹುಟ್ಟಿನಿಂದ ಡೌನ್ ಸಿಂಡ್ರೋಮ್. ನಮ್ಮ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳಿದ್ದರೆ, ಈ ಮಕ್ಕಳಲ್ಲಿ 21ನೆಯ ಜೋಡಿಯಲ್ಲಿ ಒಂದು ಹೆಚ್ಚಾಗಿ 47 ಇರುತ್ತವೆ. ಅಷ್ಟೇ ಸಂಗತಿ. ತಾಯಿ ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. (ಹಾಗೆ ಹೇಳುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಆ ತಾಯಿಯ ಎದುರಿಗಾದರೂ ಸುಮ್ಮನಿರಲು ಹೇಳಿ.) ಪುಟ್ಟಿಗೆ ಮಾತು ಸ್ವಲ್ಪ ತೊದಲು, ಲೆಕ್ಕ ಹತ್ತುವುದಿಲ್ಲ. ಆದರೆ ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ದಿನ ದೋಸೆ ಎಂಬುದು ಅವಳಿಗೆ ಬಾಯಿಪಾಠ.

ಹೋದ ವರ್ಷ ಅವಳ ಶಾಲೆಯಿಂದ ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಪ್ರವಾಸ ಎಂದು ಗೊತ್ತಾಯಿತು. ಕ್ಲಾಸಿನ ಮಕ್ಕಳಿಗೆಲ್ಲ ಚೀಟಿ ಸಿಕ್ಕಿತು, ಪುಟ್ಟಿಗೆ ಇಲ್ಲ. ಮರೆತಿರಬೇಕು ಎಂದುಕೊಂಡು ಅವಳಮ್ಮ ಹೋಗಿ ಕೇಳಿದರೆ, "ಜವಾಬ್ದಾರಿ ಯಾರು ತಗೋತಾರಮ್ಮ? ಮೆಟ್ಟಿಲು, ಕೆರೆ, ಜನಜಂಗುಳಿ. ಅವಳಿಗೂ ಸುಮ್ಮನೆ ತೊಂದರೆ" ಎಂದರಂತೆ. ಅದೇ ವಾರ ಶಾಲೆಯ ಬಯಲು ರಂಗಮಂದಿರಕ್ಕೆ ಚಂದಾ ಎತ್ತಲು ಮಕ್ಕಳಿಗೆಲ್ಲ ರಸೀದಿ ಪುಸ್ತಕ ಹಂಚಿದರು. ಅದು ಮಾತ್ರ ಪುಟ್ಟಿಯ ಚೀಲದಲ್ಲಿ ತಪ್ಪದೆ ಬಂದಿತ್ತು!

"ಅಕ್ಕಾ, ವಸೂಲಿಗೆ ನನ್ನ ಮಗಳು ಬೇಕು, ಬಸ್ಸಿಗೆ ಬೇಡವೇನ್ರೀ?" ಎಂದು ಆಕೆ ನಮ್ಮ ಅಡಿಗೆಮನೆಯಲ್ಲಿ ನಿಂತು ಕೇಳಿದಾಗ ನನಗೆ ಹಳೆಯದೊಂದು ನೆನಪಾಗಿ ಮುಖ ಸಣ್ಣದಾಯಿತು.

ನನ್ನ ಮಗ ಏಳನೆಯ ತರಗತಿಯಲ್ಲಿದ್ದಾಗ ಅವನ ಶಾಲೆಯ ಪೋಷಕರ ಸಭೆಯಲ್ಲಿ ನಾನೂ ಇದ್ದೆ. ಕ್ಯಾಲಿಪರ್ ಹಾಕಿಕೊಂಡು ನಡೆಯುವ ಹುಡುಗನೊಬ್ಬನನ್ನು ಪ್ರವಾಸಕ್ಕೆ ಕರೆದೊಯ್ಯುವ ಮಾತು ಬಂತು. "ಪಾಪ, ಯಾಕೆ ಅವನಿಗೆ ಆಯಾಸ?" ಎಂದು ಮೊದಲು ಅಂದವಳೇ ನಾನು. ಎಲ್ಲರೂ ಹೂಂಗುಟ್ಟಿದರು. ಆ ಹುಡುಗನನ್ನು ಯಾರೂ ಕೇಳಲಿಲ್ಲ. ಪ್ರವಾಸ ಮುಗಿದ ಮೇಲೆ ಮಕ್ಕಳು ತಿಂಗಳುಗಟ್ಟಲೆ ಅದೇ ಮಾತಾಡುತ್ತಿದ್ದರಲ್ಲ, ಆಗ ಅವನು ಏನು ಮಾಡುತ್ತಿದ್ದ ಎಂದು ಈಗ ಯೋಚಿಸುತ್ತೇನೆ. "ಪ್ರವಾಸದ ಅನುಭವ" ಎಂದು ಪ್ರಬಂಧ ಬರೆಯಲು ಕೊಟ್ಟಾಗ ಏನು ಬರೆದಿದ್ದನೋ.

ಕಾನೂನು ಏನನ್ನುತ್ತದೆ?

ಅಡಿಗೆಮನೆಯಲ್ಲಿ ಕಾನೂನು ಯಾಕೆ ಅನ್ನಬೇಡಿ, ಗೊತ್ತಿದ್ದರೆ ಮಾತಿಗೆ ಬಲ ಬರುತ್ತದೆ. 2016ರಲ್ಲಿ ಸಂಸತ್ತು ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಮಾಡಿತು. 1995ರ ಹಳೆಯ ಕಾಯ್ದೆಯ ಬದಲಿಗೆ ಬಂದ ಇದು 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೊದಲಿನದರಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು, ಇದರಲ್ಲಿ 21. ಬುದ್ಧಿ ಬೆಳವಣಿಗೆಯ ತೊಂದರೆ, ಆಟಿಸಂ, ಕಲಿಕೆಯ ತೊಂದರೆ ಎಲ್ಲ ಸೇರಿವೆ. ಇದರ 16ನೆಯ ಕಲಮು ನಮಗೆ ಮುಖ್ಯ. ಸರ್ಕಾರದ ಹಣ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಪಾಠದ ಜೊತೆಗೆ ಆಟ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡಬೇಕು ಎನ್ನುತ್ತದೆ ಅದು. ಪ್ರವಾಸ ಆಟ-ಮನರಂಜನೆಯಲ್ಲದೆ ಇನ್ನೇನು? ಮಗುವಿಗೆ ಬೇಕಾದ ಸಣ್ಣಪುಟ್ಟ ಹೊಂದಾಣಿಕೆಯನ್ನು ಮಾಡಿಕೊಡದೆ ಇರುವುದನ್ನೂ ಈ ಕಾಯ್ದೆ ಭೇದಭಾವ ಎಂದೇ ಕರೆಯುತ್ತದೆ. ಕಾಯ್ದೆ ಮುರಿದರೆ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೂ ದಂಡ ಉಂಟು.

ಹಾಗೆಂದು ಮೊದಲ ದಿನವೇ ಕಾಯ್ದೆಯ ಪುಸ್ತಕ ಹಿಡಿದು ಹೆಡ್ಮಾಸ್ಟರ ಮೇಜಿನ ಮುಂದೆ ನಿಲ್ಲಬೇಡಿ. ಮಗು ಇನ್ನೂ ಅದೇ ಶಾಲೆಯಲ್ಲಿ ಓದಬೇಕು. ಮೊದಲು ಒಂದು ಕಾಗದ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಬಾಯಲ್ಲಿ "ಆಗಲ್ಲ" ಅನ್ನುವಷ್ಟು ಸುಲಭವಾಗಿ ಯಾರೂ ಬರೆದು "ಆಗಲ್ಲ" ಅನ್ನುವುದಿಲ್ಲ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಇದೆ, ಅದರಲ್ಲಿ ನಮ್ಮ ನಿಮ್ಮಂಥ ತಾಯಂದಿರೇ ಇರುತ್ತಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ತರಬೇತಾದ ಬಿಐಇಆರ್‌ಟಿ ಶಿಕ್ಷಕರನ್ನು ಸರ್ಕಾರ ನೇಮಿಸುತ್ತದೆ. ಅವರು ಬಂದು ಒಂದು ಮಾತು ಹೇಳಿದರೆ ಮೇಷ್ಟ್ರುಗಳ ಅರ್ಧ ಅಂಜಿಕೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ಬಿಇಒ ಇದ್ದಾರೆ, ರಾಜ್ಯಕ್ಕೇ ಒಬ್ಬ ವಿಕಲಚೇತನರ ಆಯುಕ್ತರಿದ್ದಾರೆ.

ಮೇಷ್ಟ್ರುಗಳ ಅಂಜಿಕೆ ಸುಳ್ಳಲ್ಲ, ಅದನ್ನೂ ಹೇಳಬೇಕು. ನಲವತ್ತು ಮಕ್ಕಳಿಗೆ ಇಬ್ಬರು ಮೂವರು. ಒಂದು ಮಗು ಎಡವಿ ಬಿದ್ದರೂ ಮಾರನೆಯ ದಿನ ನಾವೇ ಹೋಗಿ ಜಗಳ ತೆಗೆಯುವವರು. ಅವರ ಕೈ ಬಲಪಡಿಸದೆ ಬರಿದೇ ಬೈದರೆ ಯಾವ ಮಗುವೂ ಬಸ್ಸು ಹತ್ತುವುದಿಲ್ಲ.

ಜೊತೆಗೆ ಹೋಗುವವರ ಖರ್ಚು

ಎಷ್ಟೋ ಶಾಲೆಗಳಲ್ಲಿ ಹೇಳುವ ಇನ್ನೊಂದು ಮಾತು, "ಕರಕೊಂಡು ಹೋಗ್ತೀವಿ, ಆದರೆ ತಾಯಿಯೂ ಬರಬೇಕು, ಅವರ ದುಡ್ಡೂ ಕಟ್ಟಬೇಕು." ಬೇರೆ ಯಾವ ತಾಯಿಗೂ ಇಲ್ಲದ ದಂಡ ಈಕೆಗೆ ಮಾತ್ರ. ಮನೆಯಲ್ಲಿ ಎಳೆಕೂಸು ಇರಬಹುದು, ದಿನಗೂಲಿ ಇರಬಹುದು, ಹಾಸಿಗೆ ಹಿಡಿದ ಅತ್ತೆ ಇರಬಹುದು. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ತಾಯಿ ಬಂದರೆ ಮಗು ಮುಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂರುತ್ತದೆ, ತಾಯಿಯ ಜೊತೆ ಉಣ್ಣುತ್ತದೆ, ತಾಯಿಯ ಕೈ ಹಿಡಿದು ನಡೆಯುತ್ತದೆ. ಹಿಂದಿನ ಸೀಟುಗಳಲ್ಲಿ ಅಂತ್ಯಾಕ್ಷರಿ ನಡೆದಿರುತ್ತದೆ.

ಜೊತೆಗೊಬ್ಬರು ಬೇಕೇಬೇಕು ಎಂದಾದರೆ ಶಾಲೆಯ ಆಯಾ, ದೊಡ್ಡಮ್ಮನ ಮಗಳು, ಹಳೆಯ ವಿದ್ಯಾರ್ಥಿನಿ ಯಾರಾದರೂ ಆಗಬಹುದು. ಅವರ ಖರ್ಚು? ಲೆಕ್ಕ ಹಾಕಿ ನೋಡಿ. ತಲೆಗೆ 650 ರೂಪಾಯಿ ಎಂದಿಟ್ಟುಕೊಳ್ಳಿ, ಮಕ್ಕಳು 46. ಒಬ್ಬರ ಖರ್ಚನ್ನು ಎಲ್ಲರ ಮೇಲೆ ಹಂಚಿದರೆ ತಲೆಗೆ ಹದಿನಾಲ್ಕು ಹದಿನೈದು ರೂಪಾಯಿ ಬೀಳುತ್ತದೆ. ಮಕ್ಕಳು ದಾರಿಯಲ್ಲಿ ತಿನ್ನುವ ಕುರುಕಲಿಗಿಂತ ಕಡಿಮೆ! ಬಸ್ಸಿನ ಡ್ರೈವರಿನ ಊಟದ ಖರ್ಚನ್ನು ನಾವೆಲ್ಲ ಹಂಚಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ರೈಲ್ವೆಯವರನ್ನೇ ನೋಡಿ. ಒಂಟಿಯಾಗಿ ಪ್ರಯಾಣ ಮಾಡಲಾಗದ ವಿಕಲಚೇತನರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುವಾಗ ಜೊತೆಗೆ ಬರುವ ಒಬ್ಬರಿಗೂ ಅದೇ ರಿಯಾಯಿತಿ ಕೊಡುತ್ತಾರೆ.

ಚಂದಾ ಡಬ್ಬಿಯ ಮುಂದೆ ಯಾರು?

ಈಗ ಆ ರಸೀದಿ ಪುಸ್ತಕದ ವಿಷಯ. ಶಾಲೆಗಳಲ್ಲಿ ಹಣ ಕೂಡಿಸುವಾಗ ಈ ಮಕ್ಕಳಿಗೆ ಎರಡು ಬಗೆಯ ಅನ್ಯಾಯ ಆಗುತ್ತದೆ. ಒಂದು ಪುಟ್ಟಿಗೆ ಆದದ್ದು. ಇನ್ನೊಂದು ಅದಕ್ಕಿಂತ ನಯವಾದದ್ದು, ಅದನ್ನು ಮಾಡುವವರಿಗೆ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅನ್ನಿಸಿರುತ್ತದೆ. ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ಮಗುವನ್ನು ವೇದಿಕೆಗೆ ಕರೆದು, ಕೈಗೆ ಗುಲಾಬಿ ಕೊಟ್ಟು, ದಾನಿಗಳ ಜೊತೆ ಫೋಟೋ ತೆಗೆಸಿ, "ಇಂಥ ನತದೃಷ್ಟ ಮಕ್ಕಳಿಗಾಗಿ ಉದಾರವಾಗಿ ನೀಡಿ" ಎಂದು ಮೈಕಿನಲ್ಲಿ ಕೂಗುತ್ತಾರೆ. ಆ ಮಗುವಿಗೆ ಕಿವಿ ಕೇಳುತ್ತದೆ. ಹತ್ತಿರ ಕೂತ ಅಣ್ಣನಿಗೂ ಕೇಳುತ್ತದೆ. ಇಳಿಜಾರು ದಾರಿ ಕಟ್ಟಿಸುವುದಿದ್ದರೆ "ಶಾಲೆಗೆ ಇಳಿಜಾರು ಬೇಕು" ಎಂದು ಕೇಳಿ. ಅದರ ಮೇಲೆ ಗಾಲಿಕುರ್ಚಿಯೂ ಹೋಗುತ್ತದೆ, ಬಸುರಿ ಟೀಚರೂ ಹೋಗುತ್ತಾರೆ, ಬಿಸಿಯೂಟದ ಹಂಡೆಯೂ ಹೋಗುತ್ತದೆ. ಒಬ್ಬ ಹುಡುಗನ ಭಾವಚಿತ್ರವನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವ ಅಗತ್ಯವಿಲ್ಲ.

ಬದಲಿಗೆ ನಮ್ಮ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದಲ್ಲ, ಅದು ಎಷ್ಟು ಚೆನ್ನ! ಮಕ್ಕಳು ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಅಮ್ಮ ಮಾಡಿದ ಕೋಡುಬಳೆ ತಂದು ಮಾರುತ್ತಾರೆ. ಅಲ್ಲಿ ಇಂಥ ಮಗುವನ್ನು ಮೂಲೆಯಲ್ಲಿ ಕೂರಿಸದೆ ತಕ್ಕಡಿ ಹಿಡಿಯಲು ಹಾಕಿ. ಲೆಕ್ಕ ಬಾರದಿದ್ದರೆ ಎಲ್ಲ ಪೊಟ್ಟಣಕ್ಕೂ ಒಂದೇ ಬೆಲೆ ಇಡಿ, ಹತ್ತು ರೂಪಾಯಿ. ಹತ್ತರ ನೋಟನ್ನು ಗುರುತಿಸಲು ಬಂದರೆ ವ್ಯಾಪಾರ ಬಂದಂತೆಯೇ. ಮಾತು ಬಾರದ ಮಗು ಕೂಗಿ ಕರೆಯಲಾರದು, ಆದರೆ ಸೊಪ್ಪಿನ ಕಟ್ಟು ಕಟ್ಟಿಕೊಡಬಲ್ಲದು. ಸಂತೆಯಲ್ಲಿ ಬಂದ ಹಣದಿಂದಲೇ ಪ್ರವಾಸದ ಜೊತೆಗಾರರ ಖರ್ಚು ತೆಗೆದಿಟ್ಟರೆ ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ.

ಹೊರಡುವ ಮುಂಚೆ

ಮೊದಲು ಮಗುವನ್ನೇ ಕೇಳಿ. ಗದ್ದಲಕ್ಕೆ ಬೆದರುವ ಮಗುವಿಗೆ ಇಡೀ ದಿನದ ಪ್ರವಾಸ ಶಿಕ್ಷೆಯೇ ಆಗಬಹುದು. ಆಗ ಎಲ್ಲ ಮಕ್ಕಳಿಗೂ ಸೇರಿ ಹತ್ತಿರದ ತೋಟಕ್ಕೋ ಹೊಳೆದಂಡೆಗೋ ಅರ್ಧ ದಿನದ ಪ್ರವಾಸವೊಂದನ್ನು ಇಟ್ಟುಕೊಳ್ಳಲು ಶಾಲೆಗೆ ಹೇಳಿ. ಬರುತ್ತೇನೆ ಎಂದ ಮಗುವಿಗೆ ವಾರಕ್ಕೆ ಮುಂಚಿನಿಂದಲೇ ಚಿತ್ರ ತೋರಿಸುತ್ತಾ ಮೊದಲು ಬಸ್ಸು, ಆಮೇಲೆ ದೇವಸ್ಥಾನ, ಆಮೇಲೆ ಊಟ ಎಂದು ಸರದಿ ಹೇಳಿಡಿ.

ಜಾಗದ ವಿಚಾರ ತಿಳಿದಿರಬೇಕು. ಬೇಲೂರಿನಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲುಹಾಸು ಕಾದ ಕಾವಲಿಯಂತಿರುತ್ತದೆ. ಕ್ಯಾಲಿಪರ್ ಬೂಟು ಹಾಕುವ ಮಗು ಅದನ್ನು ಕಳಚಿದರೆ ನಿಲ್ಲಲಾರದು. ಏನು ಮಾಡಬಹುದೆಂದು ಮೊದಲೇ ಫೋನು ಮಾಡಿ ವಿಚಾರಿಸಿ, ಬಿಸಿಲೇರುವ ಮುಂಚೆ ಅಲ್ಲಿಗೆ ತಲುಪುವ ಹಾಗೆ ಹೊರಡಿ. ಶ್ರವಣಬೆಳಗೊಳದ ದೊಡ್ಡ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಮೈಸೂರಿನ ಮೃಗಾಲಯದಲ್ಲಿ ಬ್ಯಾಟರಿ ವಾಹನವಿದೆ (ಮಂಗಳವಾರ ರಜೆ, ಮರೆಯಬೇಡಿ). ಶೌಚಾಲಯ ಎಲ್ಲಿದೆ, ಒಳಗೆ ಮೆಟ್ಟಿಲಿದೆಯೇ ಎಂಬುದನ್ನು ಒಬ್ಬ ಮೇಷ್ಟ್ರು ಮೊದಲೇ ತಿಳಿದಿಟ್ಟರೆ ಅರ್ಧ ಕಷ್ಟ ಮುಗಿಯಿತು. ಎಲ್ಲ ಹೆಣ್ಣುಮಕ್ಕಳೂ ಅದಕ್ಕೆ ಋಣಿಗಳು.

ಮಗುವಿನ ಜೇಬಿನಲ್ಲಿ ಹೆಸರು, ಫೋನು ನಂಬರು, ಮಾತ್ರೆಯ ವೇಳೆ ಬರೆದ ಚೀಟಿ ಇಡಿ. ಮೂರ್ಛೆ ಬರುವ ಮಗುವಾದರೆ ಜೊತೆಗಿರುವವರಿಗೆ ಬಿಡಿಸಿ ಹೇಳಿ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ ಏನೂ ಆಗುವುದಿಲ್ಲ, ಬಾಯಿಗೆ ಚಮಚ ತುರುಕುವುದಂತೂ ಅಪಾಯ. ಅದುಮಿ ಹಿಡಿಯದೆ, ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಗುಂಡಿ ಸಡಿಲಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಬುತ್ತಿ. ಅಗಿಯಲು ಕಷ್ಟಪಡುವ ಮಗುವಿಗೆ ಪುಳಿಯೋಗರೆಗಿಂತ ಮೊಸರನ್ನ ಲೇಸು. ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಕಾಯಿಸಿದ ಹಾಲು ಹಾಕಿ ಚೆನ್ನಾಗಿ ಮಸೆದು, ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಒಗ್ಗರಣೆಗೆ ಕಡಲೆಬೇಳೆ, ಇಡೀ ಮೆಣಸಿನಕಾಯಿ ಬೇಡ.

ಪುಟ್ಟಿಯ ಕಥೆ ಏನಾಯಿತು ಎನ್ನುತ್ತೀರಾ? ಅವಳು ರಸೀದಿ ಪುಸ್ತಕ ಹಿಡಿದು ಬೀದಿಯ ಮನೆಮನೆ ಸುತ್ತಿದಳು. ಇಲ್ಲ ಅನ್ನಲು ಯಾರಿಗೂ ಬಾಯಿ ಬರಲಿಲ್ಲ, ನಾನೂ ಕೊಟ್ಟೆ. ಪುಸ್ತಕ ಮುಗಿಯಿತು. ಅವಳಮ್ಮ ಅದನ್ನೂ, ಪ್ರವಾಸಕ್ಕೆ ಸೇರಿಸಿಕೊಳ್ಳಿ ಎಂಬ ಕಾಗದವನ್ನೂ ಒಟ್ಟಿಗೇ ಹೆಡ್ಮಾಸ್ಟರ ಮೇಜಿನ ಮೇಲಿಟ್ಟಳು. ಈ ಸಲ ನಾನೂ ಮತ್ತಿಬ್ಬರು ತಾಯಂದಿರೂ ಆಕೆಯ ಹಿಂದೆ ನಿಂತಿದ್ದೆವು. ಅವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಆಯಾನ ಕಳಿಸೋಣ ಬಿಡಿ" ಎಂದರು.

ಶ್ರವಣಬೆಳಗೊಳದಲ್ಲಿ ಅವಳು ಬೆಟ್ಟ ಹತ್ತಲಿಲ್ಲವಂತೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅನೇಕರಿಗೆ ಹೃದಯದ ತೊಂದರೆ ಇರುವುದರಿಂದ ಡಾಕ್ಟರು ಮೊದಲೇ ಬೇಡವೆಂದಿದ್ದರು. ಕೆಳಗೆ ಕಲ್ಯಾಣಿಯ ಹತ್ತಿರ ಆಯಾ ಜೊತೆ ಕೂತಳು. ನೋಡಿದರೆ ಅವಳೊಬ್ಬಳೇ ಅಲ್ಲ, ಉಬ್ಬಸದ ಹುಡುಗನೊಬ್ಬ, ಕಾಲು ಉಳುಕಿಸಿಕೊಂಡವಳೊಬ್ಬಳು, ಸುಮ್ಮನೆ ಸೋಮಾರಿಗಳಾದ ಇಬ್ಬರು ಸೇರಿ ಐದು ಜನ. ಬೆಟ್ಟದಿಂದ ಉಳಿದವರು ಇಳಿಯುವಷ್ಟರಲ್ಲಿ ಬುತ್ತಿಯಲ್ಲಿದ್ದ ಚಕ್ಕುಲಿಯೆಲ್ಲ ಖಾಲಿ.

ಅವಳಮ್ಮನಿಗೆ ಆ ದಿನ ಬೆಳಗಿನ ಐದರಿಂದ ಮನೆಯಲ್ಲಿ ಮಾಡಲು ಕೆಲಸವೇ ತೋಚಲಿಲ್ಲ. ಮಧ್ಯಾಹ್ನ ಮಲಗಿ ಎಷ್ಟು ವರ್ಷವಾಗಿತ್ತೋ, ಅಂದು ಒಂದು ಗಂಟೆ ನಿದ್ದೆ ಮಾಡಿದಳಂತೆ. ಆಮೇಲೆ ಆರು ಗಂಟೆಗೇ ಬಸ್ಸು ನಿಲ್ಲುವ ಅರಳಿಕಟ್ಟೆಗೆ ಹೋಗಿ ನಿಂತಳು. ಬಸ್ಸು ಬಂದದ್ದು ರಾತ್ರಿ ಹತ್ತೂಕಾಲಿಗೆ.